ಜೆರುಸಲೇಮಿನ ವಿದ್ವಾಂಸ ಯತಿ: ವಂದನೀಯ ಫಾದರ್ ಲಗ್ರಾಂಜ್

ಪವಿತ್ರ ಬೈಬಲ್ ದೇವರ ವಾಕ್ಯ. ಜೊತೆಗೆ ಅದು ಮಾನವರ ಲೇಖನಿಯಿಂದ ಮೂಡಿಬಂದ ಗ್ರಂಥವೂ ಹೌದು. ಅದನ್ನು ಬರೆದವರಿಗೆ ಒಂದು ನಾಡಿತ್ತು, ಒಂದು ಕಾಲವಿತ್ತು, ತಮ್ಮದೇ ಆದ ಭಾಷೆ ಮತ್ತು ನಿರೂಪಣೆಯ ರೀತಿ ಇತ್ತು. ಧರ್ಮೋಪದೇಶದ ತರಗತಿಗಳಲ್ಲಿ ಇಂದು ನಿರಾತಂಕವಾಗಿ ಹೇಳಲಾಗುವ ಈ ಮಾತನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೇಳಿದವರು ಬಹಳ ನೋವನ್ನು ಅನುಭವಿಸಬೇಕಾಯಿತು. ಅಂಥವರಲ್ಲಿ ಅಗ್ರಗಣ್ಯರು ದೊಮಿನಿಕನ್ ಸಭೆಯ ವಂದನೀಯ ಫಾದರ್ ಮರಿ-ಜೋಸೆಫ್ ಲಗ್ರಾಂಜ್. ಅವರ ಜೀವನವನ್ನು ಅರಿಯುವುದು ಬೈಬಲನ್ನು ಪ್ರೀತಿಸುವ ನಮ್ಮೆಲ್ಲರಿಗೂ ಲಾಭದಾಯಕ.

ಲಗ್ರಾಂಜ್ ಅವರು 1855ರ ಮಾರ್ಚ್ 7ರಂದು ಫ್ರಾನ್ಸ್ ದೇಶದ ಬೂರ್-ಆನ್-ಬ್ರೆಸ್ ಎಂಬ ಪಟ್ಟಣದಲ್ಲಿ ಜನಿಸಿದರು. ಅಂದಿನ ಪಂಚಾಂಗದ ಪ್ರಕಾರ ಅದು ಮಹಾಪಂಡಿತ ಸಂತ ಥಾಮಸ್ ಅಕ್ವಿನಾಸರ ಹಬ್ಬದ ದಿನ. ಜ್ಞಾನಸ್ನಾನದಲ್ಲಿ ಅವರಿಗೆ ಇಟ್ಟ ಹೆಸರು ಆಲ್ಬರ್ಟ್. ದಸ್ತಾವೇಜು ಬರೆಯುವ ನೋಟರಿಯಾಗಿದ್ದ ತಂದೆಯಂತೆ ಮಗನೂ ಕಾನೂನು ಓದಿ 1878ರಲ್ಲಿ ಡಾಕ್ಟರೇಟ್ ಪದವಿ ಪಡೆದರು. ಆದರೆ ದೇವರ ಕರೆ ಬೇರೆಯಾಗಿತ್ತು. ಮರುವರ್ಷವೇ ಅವರು ಸಂತ ದೊಮಿನಿಕರ ಸಭೆಯನ್ನು ಸೇರಿದರು. 1880ರಲ್ಲಿ ಫ್ರೆಂಚ್ ಸರ್ಕಾರ ಧಾರ್ಮಿಕ ಸಭೆಗಳ ಮೇಲೆ ಕೈಮಾಡಿದಾಗ ತರುಣ ಸನ್ಯಾಸಿಗಳು ಸ್ವದೇಶವನ್ನು ತೊರೆದು ಸ್ಪೇನಿನ ಸಲಮಾಂಕ ನಗರದ ಮಠದಲ್ಲಿ ಆಶ್ರಯ ಪಡೆಯಬೇಕಾಯಿತು. ಅಲ್ಲಿ ವ್ಯಾಸಂಗ ಮಾಡಿದ ಲಗ್ರಾಂಜ್ 1883ರ ಡಿಸೆಂಬರಿನಲ್ಲಿ ಗುರುದೀಕ್ಷೆಯನ್ನು ಸ್ವೀಕರಿಸಿದರು. ಮುಂದೆ 1888ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ತೆರಳಿ ಪ್ರಾಚೀನ ಪೌರ್ವಾತ್ಯ ಭಾಷೆಗಳ ಅಧ್ಯಯನದಲ್ಲಿ ತೊಡಗಿದರು.

ಅದು ಬೈಬಲ್ ವಿದ್ಯೆಗೆ ಬಿರುಗಾಳಿಯ ಕಾಲ. ಈಜಿಪ್ಟ್ ಮತ್ತು ಬಾಬಿಲೋನಿಯದ ಮಣ್ಣಿನಿಂದ ಸಾವಿರಾರು ವರ್ಷ ಮೌನವಾಗಿದ್ದ ಶಾಸನಗಳು ಹೊರಬಂದು ಮಾತನಾಡತೊಡಗಿದ್ದವು. 1868ರಲ್ಲಿ ಮೋವಾಬ್ ನಾಡಿನಲ್ಲಿ ಸಿಕ್ಕಿದ ಶಿಲಾಶಾಸನದಲ್ಲಿ, ಅರಸುಗಳ ಗ್ರಂಥದಲ್ಲಿ ಬರುವ ಮೇಷ ಎಂಬ ರಾಜನೇ ತನ್ನ ಕಥೆಯನ್ನು ಹೇಳಿಕೊಂಡಿದ್ದ. 1872ರಲ್ಲಿ ಲಂಡನ್ನಿನ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸ, ನೋಹನ ಕಥೆಯನ್ನು ಬಹುವಾಗಿ ಹೋಲುವ ಜಲಪ್ರಳಯದ ಕಥೆಯನ್ನು ಜೇಡಿಮಣ್ಣಿನ ಫಲಕವೊಂದರಲ್ಲಿ ಓದಿ ಪ್ರಕಟಪಡಿಸಿದ. 1880ರಲ್ಲಿ ಜೆರುಸಲೇಮಿನ ಸಿಲೋವಾಮ್ ಸುರಂಗದಲ್ಲಿ ಒಂದು ಹೀಬ್ರೂ ಶಾಸನ ಕಾಣಿಸಿತು. ಎರಡು ತಂಡಗಳು ಎರಡು ತುದಿಗಳಿಂದ ಬಂಡೆಯನ್ನು ಕೊರೆದು ನಡುವೆ ಸಂಧಿಸಿದ ಬಗೆಯನ್ನು ಅದು ವರ್ಣಿಸುತ್ತದೆ. ಸುಮಾರು 533 ಮೀಟರ್ ಉದ್ದದ ಈ ಸುರಂಗವು ಹಿಜ್ಕೀಯ ಅರಸನು ನಗರದೊಳಗೆ ನೀರು ತಂದನೆಂಬ ಪವಿತ್ರ ಗ್ರಂಥದ ಮಾತಿಗೆ ಕಣ್ಣೆದುರಿನ ಸಾಕ್ಷಿ ಎಂದು ಭಾವಿಸಲಾಯಿತು.

ಹೀಗೆ ಕೆಲವು ಶೋಧನೆಗಳು ಭಕ್ತರಿಗೆ ಸಂತೋಷ ತಂದರೆ, ಕೆಲವು ಕಳವಳವನ್ನು ಹುಟ್ಟಿಸಿದವು. ಬೈಬಲಿನ ಕಥೆಗಳೆಲ್ಲ ಪುರಾಣವೆಂದು ಸಾರುವವರು ಒಂದು ಕಡೆ, ಯಾವ ಪ್ರಶ್ನೆಯನ್ನೂ ಕೇಳಲೇಬಾರದೆಂದು ಕಿವಿ ಮುಚ್ಚಿಕೊಂಡವರು ಇನ್ನೊಂದು ಕಡೆ. ಈ ಎರಡರ ನಡುವೆ ವಿಶ್ವಾಸಕ್ಕೂ ವಿದ್ಯೆಗೂ ಹೊಂದುವ ಹಾದಿಯೊಂದನ್ನು ತೆರೆಯುವ ಭಾರ ಲಗ್ರಾಂಜರ ಹೆಗಲಿಗೆ ಬಿತ್ತು.

ಮೇಲಧಿಕಾರಿಗಳ ಆಜ್ಞೆಯಂತೆ ಅವರು 1890ರ ಮಾರ್ಚ್ 10ರಂದು ಜೆರುಸಲೇಮನ್ನು ತಲುಪಿದರು. ದಮಸ್ಕದ ಬಾಗಿಲಿನ ಹೊರಗೆ, ಸಂತ ಸ್ತೇಫನರ ಹೆಸರಿನ ಮಠದಲ್ಲಿ ಅದೇ ವರ್ಷದ ನವೆಂಬರ್ 15ರಂದು ಬೈಬಲ್ ಶಾಲೆಯನ್ನು ಆರಂಭಿಸಿದರು. ಐದನೆಯ ಶತಮಾನದಲ್ಲಿ ಸಾಮ್ರಾಜ್ಞಿ ಯುದೋಕಿಯ ಪ್ರಥಮ ರಕ್ತಸಾಕ್ಷಿಯ ಸ್ಮರಣೆಗಾಗಿ ದೇವಾಲಯ ಕಟ್ಟಿಸಿದ ಪುಣ್ಯಸ್ಥಳವದು. ಆದರೆ ಶಾಲೆಗೆ ದೊರೆತ ಕಟ್ಟಡ ನಗರದ ಹಳೆಯ ಕಸಾಯಿಖಾನೆ! ದನಗಳನ್ನು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಗಳಲ್ಲಿ ಇನ್ನೂ ಹಾಗೆಯೇ ಇದ್ದವು. ಒಂದು ಮೇಜು, ಒಂದು ಕಪ್ಪು ಹಲಗೆ, ಒಂದು ಭೂಪಟ, ಬೆರಳೆಣಿಕೆಯ ವಿದ್ಯಾರ್ಥಿಗಳು: ಇಷ್ಟೇ ಅವರ ಬಂಡವಾಳ.

ಗ್ರಂಥವನ್ನು ಅದು ಹುಟ್ಟಿದ ನಾಡಿನಲ್ಲಿಯೇ ಓದಬೇಕೆಂಬುದು ಲಗ್ರಾಂಜರ ದೃಢ ನಿಲುವು. ಆದ್ದರಿಂದ ಪಾಠದ ಜೊತೆಗೆ ಪ್ರಯಾಣವೂ ಶಾಲೆಯ ನಿಯಮವಾಯಿತು. ಒಂಟೆ, ಕುದುರೆಗಳ ಮೇಲೆ ಗುರುಶಿಷ್ಯರು ಬೆಟ್ಟಗುಡ್ಡಗಳನ್ನು ಸುತ್ತಿ ಊರುಗಳ ಪ್ರಾಚೀನ ಹೆಸರುಗಳನ್ನು ವಿಚಾರಿಸಿದರು, ಶಾಸನಗಳನ್ನು ನಕಲು ಮಾಡಿದರು. 1892ರಲ್ಲಿ ಅವರು ಬೈಬಲ್ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯೊಂದನ್ನು ಹೊರಡಿಸಿದರು. ವಾಸ್ತುವಿದ್ಯೆ ಮತ್ತು ಪುರಾತತ್ತ್ವದಲ್ಲಿ ಫಾದರ್ ವಿನ್ಸೆಂಟ್, ಭೂಗೋಳದಲ್ಲಿ ಫಾದರ್ ಆಬೆಲ್ ಮೊದಲಾದ ಶಿಷ್ಯರು ಅವರ ಕೈಯಲ್ಲಿ ಬೆಳೆದು ಲೋಕವಿಖ್ಯಾತರಾದರು.

1893ರಲ್ಲಿ ಲಗ್ರಾಂಜ್ ಸೀನಾಯಿ ಮರುಭೂಮಿಯಲ್ಲಿ ಸಂಚರಿಸಿದರು. ವಿಮೋಚನಾಕಾಂಡವನ್ನು ಕೈಯಲ್ಲಿ ಹಿಡಿದು ಆ ದಾರಿಯಲ್ಲಿ ನಡೆದಾಗ, ಗ್ರಂಥಕ್ಕೂ ನೆಲಕ್ಕೂ ಇರುವ ಆಳವಾದ ನಂಟು ಅವರಿಗೆ ಮನವರಿಕೆಯಾಯಿತು. ಆದರೆ ಆರು ಲಕ್ಷ ಗಂಡಸರು, ಅವರೊಡನೆ ಹೆಂಗಸರು ಮಕ್ಕಳು, ಇಷ್ಟು ದೊಡ್ಡ ಸಮೂಹ ಆ ಬರಡು ಕಣಿವೆಗಳಲ್ಲಿ ಬದುಕುವುದು ಹೇಗೆ? ಪ್ರಶ್ನೆ ಅವರನ್ನು ಬಿಡಲಿಲ್ಲ. ದೀರ್ಘ ಚಿಂತನೆಯ ಬಳಿಕ ಅವರು ಕಂಡುಕೊಂಡ ಉತ್ತರ ಸರಳವಾದುದು. ಪ್ರಾಚೀನರು ಇತಿಹಾಸವನ್ನು ನಮ್ಮಂತೆ ಲೆಕ್ಕಪತ್ರದ ರೀತಿಯಲ್ಲಿ ಬರೆಯಲಿಲ್ಲ. ಇತಿಹಾಸ, ಕಾವ್ಯ, ದೃಷ್ಟಾಂತ, ವಂಶಕಥೆ ಒಂದೊಂದಕ್ಕೂ ತನ್ನದೇ ಆದ ನುಡಿಯ ರೀತಿಯಿದೆ. ಲೇಖಕನು ಯಾವ ರೀತಿಯಲ್ಲಿ ಬರೆದನೆಂದು ಮೊದಲು ಅರಿತರೆ, ದೇವರು ಅವನ ಮೂಲಕ ಏನು ಕಲಿಸಬಯಸಿದರೆಂಬುದು ಸ್ಪಷ್ಟವಾಗುತ್ತದೆ. 1902ರ ನವೆಂಬರಿನಲ್ಲಿ ಟುಲೂಸ್ ನಗರದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಈ ಐತಿಹಾಸಿಕ ವಿಧಾನವನ್ನು ಅವರು ವಿವರಿಸಿದರು. ಮರುವರ್ಷ ಅವು ಗ್ರಂಥರೂಪದಲ್ಲಿ ಬಂದವು.

ಕೂಡಲೇ ವಿರೋಧದ ಅಲೆ ಎದ್ದಿತು. ಫ್ರಾನ್ಸಿನ ಆಲ್ಫ್ರೆಡ್ ಲುವಾಸಿ ಮೊದಲಾದವರು ಧರ್ಮಸಭೆಯ ಬೋಧನೆಯಿಂದಲೇ ದೂರ ಸರಿಯುತ್ತಿದ್ದ ದಿನಗಳವು. ಲುವಾಸಿಯವರ ವಾದಗಳನ್ನು ಲಗ್ರಾಂಜ್ ಬಹಿರಂಗವಾಗಿ ಖಂಡಿಸಿದ್ದರೂ, ಸಂದೇಹಪಡುವವರ ಕಣ್ಣಿಗೆ ಇಬ್ಬರೂ ಒಂದೇ ಆಗಿ ಕಂಡರು. ಆದಿಕಾಂಡದ ಮೇಲೆ ಲಗ್ರಾಂಜ್ ಬರೆದ ವ್ಯಾಖ್ಯಾನಕ್ಕೆ ಪ್ರಕಟಣೆಯ ಅನುಮತಿ ದೊರೆಯಲಿಲ್ಲ. ವರ್ಷಗಳ ಪರಿಶ್ರಮ ಪೆಟ್ಟಿಗೆ ಸೇರಿತು. 1912ರ ಜೂನ್ 29ರಂದು ಅವರ ಹಲವು ಕೃತಿಗಳನ್ನು ಗುರುಮಠಗಳಲ್ಲಿ ಬಳಸಬಾರದೆಂದು ರೋಮಿನಿಂದ ಆದೇಶ ಹೊರಟಿತು. ಐವತ್ತೇಳರ ವಯಸ್ಸಿನಲ್ಲಿ ಅವರು ತಾವು ಕಟ್ಟಿದ ಶಾಲೆಯನ್ನು ಬಿಟ್ಟು ಫ್ರಾನ್ಸಿಗೆ ಮರಳಿದರು.

ಇಲ್ಲಿಯೇ ಆ ಮಹನೀಯರ ದೊಡ್ಡತನ ಬೆಳಗುವುದು. ಅವರು ಧರ್ಮಸಭೆಯ ವಿರುದ್ಧ ದನಿಯೆತ್ತಲಿಲ್ಲ, ಸಂಶೋಧನೆಗೆ ಬೆನ್ನು ತಿರುಗಿಸಲೂ ಇಲ್ಲ. ಜಗದ್ಗುರು ಹತ್ತನೆಯ ಪಿಯುಸರಿಗೆ ತಮ್ಮ ಪೂರ್ಣ ವಿಧೇಯತೆಯನ್ನು ಬರೆದು ತಿಳಿಸಿದರು. 1913ರಲ್ಲಿ ಜೆರುಸಲೇಮಿಗೆ ಹಿಂದಿರುಗುವ ಅಪ್ಪಣೆ ದೊರೆಯಿತು. ಮಹಾಯುದ್ಧ ಮತ್ತೊಮ್ಮೆ ಅವರನ್ನು ಅಲ್ಲಿಂದ ಹೊರದೂಡಿದರೂ, ಯುದ್ಧ ಮುಗಿದೊಡನೆ ಮರಳಿ ಬಂದರು. ಹಳೆಯ ಒಡಂಬಡಿಕೆಯ ಬಾಗಿಲು ಮುಚ್ಚಿದ್ದರಿಂದ ಶುಭಸಂದೇಶಗಳ ಕಡೆಗೆ ತಿರುಗಿದ್ದ ಅವರು 1911ರಲ್ಲಿ ಮಾರ್ಕ, 1921ರಲ್ಲಿ ಲೂಕ, 1923ರಲ್ಲಿ ಮತ್ತಾಯ, 1925ರಲ್ಲಿ ಯೊವಾನ್ನ ಹೀಗೆ ನಾಲ್ಕಕ್ಕೂ ಬೃಹತ್ ವ್ಯಾಖ್ಯಾನಗಳನ್ನು ರಚಿಸಿದರು. 1928ರಲ್ಲಿ ಕ್ರಿಸ್ತರ ಜೀವನವನ್ನು ಕುರಿತು ಸಾಮಾನ್ಯ ಭಕ್ತರಿಗೂ ಎಟುಕುವ ಗ್ರಂಥವನ್ನು ಬರೆದರು. ಇಷ್ಟೆಲ್ಲ ಪಾಂಡಿತ್ಯದ ನಡುವೆಯೂ ಅವರ ಕೈಯಿಂದ ಜಪಮಾಲೆ ಜಾರಲಿಲ್ಲ. ಮಾತೆ ಮರಿಯಮ್ಮನವರ ಮೇಲಿನ ಭಕ್ತಿ ಕುಂದಲಿಲ್ಲ.

ಆರೋಗ್ಯ ಕ್ಷೀಣಿಸಿದಾಗ 1935ರಲ್ಲಿ ಅವರು ಫ್ರಾನ್ಸಿನ ಸೇಂಟ್ ಮ್ಯಾಕ್ಸಿಮಿನ್ ಮಠಕ್ಕೆ ಮರಳಿದರು. 1938ರ ಮಾರ್ಚ್ 10ರಂದು, ಜೆರುಸಲೇಮಿನಲ್ಲಿ ಮೊದಲ ಹೆಜ್ಜೆಯಿಟ್ಟು ಸರಿಯಾಗಿ ನಲವತ್ತೆಂಟು ವರ್ಷ ತುಂಬಿದ ದಿನ, ಪ್ರಭುವಿನ ಸನ್ನಿಧಿಗೆ ತೆರಳಿದರು. 1967ರಲ್ಲಿ ಅವರ ಪಾರ್ಥಿವ ಅವಶೇಷಗಳನ್ನು ಜೆರುಸಲೇಮಿಗೆ ತಂದು ಸಂತ ಸ್ತೇಫನರ ದೇವಾಲಯದಲ್ಲಿ ಇಡಲಾಯಿತು.

ಬಿತ್ತಿದವರು ಕಾಣದ ಬೆಳೆಯನ್ನು ಧರ್ಮಸಭೆ ಕೊಯ್ದಿತು. 1943ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ತಮ್ಮ ವಿಶ್ವಪರಿಪತ್ರದಲ್ಲಿ, ಬೈಬಲಿನ ಲೇಖಕರ ಕಾಲ ಮತ್ತು ನಿರೂಪಣಾ ಶೈಲಿಗಳನ್ನು ಅಧ್ಯಯನ ಮಾಡುವಂತೆ ವಿದ್ವಾಂಸರಿಗೆ ಕರೆಯಿತ್ತರು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಅದನ್ನೇ ದೃಢಪಡಿಸಿ, ಪವಿತ್ರ ಗ್ರಂಥ ಎಲ್ಲ ವಿಶ್ವಾಸಿಗಳ ಕೈಗೂ ಸಿಗಬೇಕೆಂದು ಸಾರಿತು. ಲಗ್ರಾಂಜರ ಶಾಲೆಯ ನೇತೃತ್ವದಲ್ಲಿ ಸಿದ್ಧವಾದ ಜೆರುಸಲೇಮ್ ಬೈಬಲ್ 1956ರಲ್ಲಿ ಒಂದೇ ಸಂಪುಟವಾಗಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಮೃತಸಮುದ್ರದ ದಡದ ಕುಮ್ರಾನಿನಲ್ಲಿ 1951ರಿಂದ 1956ರವರೆಗೆ ನಡೆದ ಉತ್ಖನನಗಳನ್ನು ನಡೆಸಿದವರೂ ಅದೇ ಶಾಲೆಯ ಫಾದರ್ ರೋಲಾಂಡ್ ದ ವೋ. ಒಮ್ಮೆ ಸಂಶಯಕ್ಕೆ ಗುರಿಯಾದ ಲಗ್ರಾಂಜರನ್ನು ಪುನೀತರ ಸಾಲಿಗೆ ಸೇರಿಸುವ ಪ್ರಕ್ರಿಯೆ 1988ರಲ್ಲಿ ಆರಂಭವಾಯಿತು.

ಪ್ರಿಯ ಭಕ್ತಾದಿಗಳೇ, ಭಾನುವಾರದ ಬಲಿಪೂಜೆಯಲ್ಲಿ ನಮ್ಮ ತಾಯ್ನುಡಿಯಲ್ಲಿ ವಾಚನಗಳನ್ನು ಕೇಳುವಾಗ ಕೆಲವು ಪ್ರಶ್ನೆಗಳು ನಮ್ಮ ಮನಸ್ಸಿನಲ್ಲಿಯೂ ಮೂಡುವುದುಂಟು. ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ, ಉತ್ತರಕ್ಕಾಗಿ ಕಾಯುವುದು ದೌರ್ಬಲ್ಯವೂ ಅಲ್ಲ. ಸತ್ಯವು ಸತ್ಯಕ್ಕೆ ಎಂದೂ ವಿರುದ್ಧವಾಗಲಾರದೆಂಬ ಭರವಸೆಯಿಂದ ದುಡಿದ ಈ ದೇವರ ಸೇವಕರು ನಮಗೂ ನಮ್ಮ ಮಕ್ಕಳಿಗೂ ದಾರಿದೀಪವಾಗಲಿ.