ಜಮಖಂಡಿಯ ಕಿತ್ತಳೆ ಗೆರೆ

ಆವರ್ತಕೋಷ್ಟಕದ ಎರಡನೆಯ ಮನೆ ಹೀಲಿಯಂನದು. ಆ ಪಾಠದಲ್ಲಿ ನಾವು ಜಾನ್ ಹರ್ಷಲರನ್ನೂ ನೆನೆಯುತ್ತೇವೆ.

ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷಲರ ಮೊಮ್ಮಗ ಇವರು. 1837ರಲ್ಲಿ ಹುಟ್ಟಿ, ಸೇನೆಯ ಇಂಜಿನಿಯರರಾಗಿ ಭಾರತದ ಭೂಮಾಪನದಲ್ಲಿ ದುಡಿದರು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣದಂದು, ಸಾಂಗ್ಲಿ-ಮಿರಜಗಳಂತೆ ಪಟವರ್ಧನರ ಸಂಸ್ಥಾನವಾಗಿದ್ದ ನಮ್ಮ ಜಮಖಂಡಿಯಲ್ಲಿ ರೋಹಿತದರ್ಶಕ ಹೂಡಿ ಕಾದರು. ಮೋಡ ಕವಿದಿತ್ತು. ಅದು ಸರಿದ ಕ್ಷಣದಲ್ಲಿ ಸೂರ್ಯನ ಅಂಚಿನ ಜ್ವಾಲೆಯಿಂದ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಮೂಡಿದವು. ಜ್ವಾಲೆ ಉರಿಯುವ ಅನಿಲವೆಂದು ತಿಳಿಯಿತು. ಕಿತ್ತಳೆ ಗೆರೆ ಮಾತ್ರ ಸೋಡಿಯಂನದಿರಬೇಕೆಂದು ಎಣಿಸಿದರು.

ಅದು ಹೀಲಿಯಂನದಾಗಿತ್ತು! ಆ ವರ್ಷವೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರ್, ಗೆರೆ ಸೋಡಿಯಂನ ಪಕ್ಕದ್ದೇ ಹೊರತು ಅದರದಲ್ಲವೆಂದು ಕಂಡರು. 1895ರಲ್ಲಿ ರಾಮ್ಸೆ ಭೂಮಿಯ ಖನಿಜದಲ್ಲೇ ಹೀಲಿಯಂ ಪಡೆದರು. ಹರ್ಷಲರು 1921ರಲ್ಲಿ ತೀರಿಕೊಂಡರು.

ಕಂಡರೆ ಸಾಲದು, ಅಳೆದೂ ನೋಡಬೇಕೆಂದು ನಾವು ಮಕ್ಕಳಿಗೆ ಹೇಳುವುದು ಇದಕ್ಕೇ.