ಹೆಂಚಿನ ಶಿಲ್ಪಿ ಜಾರ್ಜ್ ಪ್ಲೆಬ್ಸ್ಟ್

ಅಂಕೋಲೆಯ ಬೊಬ್ರುವಾಡದಿಂದ ಕಾರವಾರದವರೆಗೆ ಹಳೆಯ ಮನೆಗಳ ಮಾಡಿನ ಮೇಲೆ ಇಂದಿಗೂ ಕೆಂಪು ಮಂಗಳೂರು ಹೆಂಚುಗಳು ಕಾಣಸಿಗುತ್ತವೆ. ಕರಾವಳಿಗೆ ಈ ಹೆಂಚನ್ನು ಕೊಟ್ಟವರು ಬಾಸೆಲ್ ಮಿಷನ್ನಿನ ಜರ್ಮನ್ ಯಂತ್ರಕುಶಲಿ ಜಾರ್ಜ್ ಪ್ಲೆಬ್ಸ್ಟ್. ಅವರ ಬದುಕು ಕೇವಲ ಉದ್ಯಮದ ಕಥೆಯಲ್ಲ. ನಂಬಿಕೆ ಮತ್ತು ದುಡಿಮೆಗಳನ್ನು ಬೆಸೆಯಲು ಹೊರಟ ಪ್ರಯೋಗದ ಕಥೆಯೂ ಹೌದು.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಕ್ರೈಸ್ತ ಧರ್ಮ ಸ್ವೀಕರಿಸಿದವರು ಮನೆ, ಬಂಧುಬಳಗ, ಕುಲಕಸುಬುಗಳಿಂದ ಹೊರಗಾಗುತ್ತಿದ್ದರು. ಅವರಲ್ಲಿ ಬಿಲ್ಲವರು ಬಹುಸಂಖ್ಯೆಯಲ್ಲಿದ್ದರು. ಆದರೆ ಶೇಂದಿ ಇಳಿಸುವ ವೃತ್ತಿ ಕ್ರೈಸ್ತನಿಗೆ ಸಲ್ಲದೆಂಬುದು ಮಿಷನ್ನಿನ ನಿಲುವು. ಕಸುಬು ಬಿಡಿಸಿದವರೇ ಹೊಸ ಕಸುಬನ್ನು ಕಲಿಸಬೇಕಾದ ಹೊಣೆ ಹೀಗೆ ಬಂದೊದಗಿತು.

1851ರಲ್ಲಿ ಮಂಗಳೂರಿಗೆ ಬಂದ ಪ್ಲೆಬ್ಸ್ಟ್, ಕಲ್ಲಚ್ಚಿನಲ್ಲಿ ನಡೆಯುತ್ತಿದ್ದ ಮಿಷನ್ ಮುದ್ರಣಾಲಯವನ್ನು ಅಚ್ಚುಮೊಳೆಗಳ ಮುದ್ರಣಕ್ಕೆ ಒಯ್ದರು. ಮುಂದೆ ಯುರೋಪಿಗೆ ಹೋದಾಗ ಮಣ್ಣಿನ ಕೆಲಸದ ಮರ್ಮವನ್ನು ಅರಿತು ಮರಳಿದರು. 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ಆಗ ಇದ್ದುದು ಒಂದು ಜೋಡಿ ಎತ್ತು ಮತ್ತು ಹನ್ನೆರಡರಷ್ಟು ಕೆಲಸಗಾರರು. ದಿನದ ಉತ್ಪಾದನೆ 360 ಹೆಂಚು. ನದಿಪಾತ್ರದ ಜೇಡಿಮಣ್ಣನ್ನು ಹದಗೊಳಿಸಿ, ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡಲಾಗುತ್ತಿತ್ತು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹೆಂಚು, ವರ್ಷವರ್ಷವೂ ಕೈಯಾಡಿಸಬೇಕಿದ್ದ ನಾಡಹೆಂಚಿಗಿಂತ ಹಗುರವೂ ಬಾಳಿಕೆಯುಳ್ಳದ್ದೂ ಆಗಿತ್ತು.

ಕಾರ್ಖಾನೆಯ ದಿನ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು; ಭಾನುವಾರ ಬಿಡುವು. ಸಮಯಪಾಲನೆ, ಅಳತೆಯ ನಿಖರತೆ, ಮಾಲಿನ ಗುಣಮಟ್ಟಗಳೂ ಭಕ್ತಿಯ ಅಂಗಗಳೆಂಬ ಪಾಠವನ್ನು ಯುವಕರು ಕೆಲಸದ ನಡುವೆಯೇ ಕಲಿತರು. ಆದರೆ ಧರ್ಮಪ್ರಸಾರ ಮಾಡುವವರಿಗೆ ಲಾಭದ ವ್ಯಾಪಾರ ತಕ್ಕುದೇ, ಕೂಲಿಗಾಗಿ ಬಂದವನ ನಂಬಿಕೆ ಗಟ್ಟಿಯೇ ಎಂಬ ಪ್ರಶ್ನೆಗಳು ಮಿಷನ್ನಿನೊಳಗೇ ಬಹುಕಾಲ ಚರ್ಚೆಗೊಳಗಾದವು.

ಜೆಪ್ಪುವಿನ ಯಶಸ್ಸು ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲೂ ಮಿಷನ್ ಕಾರ್ಖಾನೆಗಳನ್ನು ಎಬ್ಬಿಸಿತು. 1868ರಲ್ಲಿಯೇ ಆಲ್ಬುಕರ್ಕ್ ಹೆಂಚಿನ ಕಾರ್ಖಾನೆಯ ಮೂಲಕ ಸ್ಥಳೀಯ ಕ್ರೈಸ್ತರು ಸ್ವಂತ ಬಂಡವಾಳದೊಡನೆ ಈ ಕ್ಷೇತ್ರಕ್ಕಿಳಿದರು. ಇತರ ಸಮುದಾಯಗಳ ಉದ್ಯಮಿಗಳೂ ಹಿಂಬಾಲಿಸಿದರು.

ಆದರೆ ಮಿಷನ್ನಿನ ಗರಡಿಯಲ್ಲಿ ಪಳಗಿದವರು ಹೆಚ್ಚಾಗಿ ನುರಿತ ಕೆಲಸಗಾರರಾದರೇ ಹೊರತು ಆ ಕಾರ್ಖಾನೆಗಳ ಒಡೆಯರಾಗಲಿಲ್ಲ. ಒಡೆತನ ಬಾಸೆಲ್‌ನಲ್ಲಿಯೇ ಉಳಿಯಿತು. ಇದರ ಬೆಲೆ 1914ರಲ್ಲಿ ತಿಳಿಯಿತು. ಮೊದಲ ಮಹಾಯುದ್ಧ ಆರಂಭವಾಗುತ್ತಲೇ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿರಿಸಿತು. ಉದ್ಯಮಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟ್‌ನ ವಶವಾದವು. ಕಾರ್ಖಾನೆಯನ್ನು ದುಡಿದು ಬೆಳೆಸಿದವರಿಗೆ ಅದರ ಭವಿಷ್ಯದ ಬಗ್ಗೆ ಮಾತಾಡುವ ಅಧಿಕಾರವಿರಲಿಲ್ಲ.

ಇಂದು ಯುವ ಉದ್ಯಮಿಗಳಿಗೆ ಮಾರ್ಗದರ್ಶನ ನೀಡಬಯಸುವವರು ಪ್ಲೆಬ್ಸ್ಟ್ ಅವರ ಸಾಧನೆಯನ್ನೂ ಈ ಕೊರತೆಯನ್ನೂ ಒಟ್ಟಿಗೆ ನೋಡಬೇಕು. ಪ್ರಾಮಾಣಿಕ ದುಡಿಮೆಯನ್ನು ಕಲಿಸುವುದು ದೊಡ್ಡ ಕೆಲಸ. ಕಲಿತವನ ಕೈಗೆ ಹೊಣೆಯನ್ನು ಒಪ್ಪಿಸುವುದು ಅದರ ಮುಂದಿನ ಹೆಜ್ಜೆ.