ಆಟದ ಪದಗಳ ವಿದ್ವಾಂಸ ಜಿ.ಪಿ. ರಾಜರತ್ನಂ

ರಾಮನಗರವೆಂದರೆ ಅನೇಕರಿಗೆ 1975ರ ‘ಶೋಲೆ’ ಚಿತ್ರದ ಬಂಡೆಗಳು ನೆನಪಾಗುತ್ತವೆ. ಕನ್ನಡದ ಮಕ್ಕಳಿಗೆ ನಾಯಿಮರಿಯನ್ನೂ ತುತ್ತೂರಿಯನ್ನೂ ಕೊಟ್ಟ ಕವಿ ಜಿ.ಪಿ. ರಾಜರತ್ನಂ ಜನಿಸಿದ್ದೂ ಇದೇ ಊರಿನಲ್ಲಿ.

ಕಾಲೇಜಿನಲ್ಲಿ ಕನ್ನಡ ಬೋಧಿಸುತ್ತಿದ್ದ ಅವರು ಪಾಲಿ ಭಾಷೆಯನ್ನು ಕಲಿತು ಬೌದ್ಧ ಸಾಹಿತ್ಯವನ್ನು ಕನ್ನಡಕ್ಕೆ ತಂದ ವಿದ್ವಾಂಸರು. ಹೆಂಡವನ್ನೇ ಮುಟ್ಟದ ಈ ಮೇಷ್ಟ್ರು ‘ರತ್ನನ ಪದಗಳು’ ಕೃತಿಯಲ್ಲಿ ಕುಡುಕನೊಬ್ಬನ ಬಾಯಿಂದ ಆಡುನುಡಿಯಲ್ಲೇ ಹಾಡಿಸಿದರು. ಕವಿಯೂ ಕುಡುಕನಿರಬಹುದೆಂದು ಶಂಕಿಸಿದವರುಂಟು. ಆದರೂ ಅವರು ಶಿಶುಗೀತೆಯನ್ನಾಗಲಿ, ವಿನೋದವನ್ನಾಗಲಿ ಪಾಂಡಿತ್ಯಕ್ಕಿಂತ ಕೀಳೆಂದು ಬಗೆಯಲಿಲ್ಲ.

1978ರಲ್ಲಿ ದೆಹಲಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. 1979ರ ಮಾರ್ಚ್ 13ರಂದು ಅವರು ನಿಧನರಾದರು. ಮೈಸೂರು ಅನಂತಸ್ವಾಮಿ ಅವರ ಕಂಠದಲ್ಲಿ ವೇದಿಕೆಯೇರಿದ ರತ್ನನ ಪದಗಳು, ಪುಸ್ತಕ ತೆರೆಯದ ಸಾವಿರಾರು ಕೇಳುಗರನ್ನೂ ತಲುಪಿದವು.